ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ ಅಪ್ಪನ ಜಿಮೇಲ್: ಕೋಡ್ ಯಾರದ್ದೋ ನಂಬರಿಗೆ ಹೋಗ್ತಿದೆ, ಏನು ಮಾಡೋದು?

ಹಾನುಬಾಳು_ತೋಟ · ರಾತ್ರಿ 8:52
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಗೊತ್ತಿದ್ದವರು ದಯವಿಟ್ಟು ಹೇಳಿ.

ಅಪ್ಪನಿಗೆ ಒಂದು ಜಿಮೇಲ್ ಇದೆ. 2016ರಲ್ಲಿ ಸಕಲೇಶಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಯಾವುದೋ ಅರ್ಜಿ ಹಾಕುವಾಗ ಅಲ್ಲಿದ್ದ ಹುಡುಗ ಮಾಡಿಕೊಟ್ಟಿದ್ದು. ಪಾಸ್‌ವರ್ಡೂ ಅವನೇ ಇಟ್ಟು, ಬ್ಯಾಂಕ್ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಟ್ಟಿದ್ದ. ಅಪ್ಪನ ಹೆಸರು, ಅದರ ಪಕ್ಕ 123. ಆವತ್ತಿಂದ ಬ್ಯಾಂಕು, ಗ್ಯಾಸು, ವಿಮೆ, ತಂಗಿಯ ಕಾಲೇಜು ಎಲ್ಲಕ್ಕೂ ಅದೇ ಮೇಲ್ ಕೊಟ್ಕೊಂಡು ಬಂದಿದೀವಿ.

ಹೋದ ವಾರ ಅಪ್ಪನ ಫೋನು ತೋಟದಲ್ಲಿ ಕಲ್ಲಿನ ಮೇಲೆ ಬಿದ್ದು ಪರದೆ ಒಡೀತು. ಹೊಸ ಫೋನಲ್ಲಿ ಲಾಗಿನ್ ಆಗೋಕೆ ಹೋದ್ರೆ ಪಾಸ್‌ವರ್ಡ್ ತಗೊಳ್ಳುತ್ತೆ, ಆಮೇಲೆ ಕೊನೇಲಿ 41 ಇರೋ ನಂಬರಿಗೆ ಕೋಡ್ ಕಳಿಸ್ತೀನಿ ಅನ್ನುತ್ತೆ. ನಮ್ಮ ಮನೇಲಿ 41 ಯಾರದ್ದೂ ಅಲ್ಲ. ಅಂಗಡಿ ವಿಚಾರಿಸೋಣ ಅಂತ ಹೋದ್ರೆ ಆ ಜಾಗದಲ್ಲಿ ಈಗ ಬೇಕರಿ ಇದೆ.

ಫೋನ್ ಒಡೆಯೋಕೆ ಮುಂಚೆ ನೋಡಿದಾಗ ಓದದೇ ಇರೋ ಮೇಲ್ 14 ಸಾವಿರ ಚಿಲ್ಲರೆ ಇತ್ತು, ಮುಕ್ಕಾಲು ಜಾಹೀರಾತು. ಜಾಗ ತುಂಬಿದೆ ಅಂತ ಕೆಂಪಗೆ ತೋರಿಸ್ತಿತ್ತು. ವಿಮೆಯವರು ಕಳಿಸಿದ ಮೇಲ್ ವಾಪಸ್ ಹೋಗಿದೆ ಅಂತ ಏಜೆಂಟ್ ಹೇಳಿದ್ರು.

ನಾಳೆ ಹಾಸನಕ್ಕೆ ಹೋಗ್ತಿದೀವಿ, ಹಳೇ ಫೋನನ್ನ ಎಕ್ಸ್‌ಚೇಂಜ್‌ಗೆ ಕೊಟ್ಟು ಬರೋಣ ಅಂತಿದೀವಿ. ಅಷ್ಟರಲ್ಲಿ ಈ ಮೇಲ್ ಸರಿ ಮಾಡ್ಕೊಳ್ಳೋಕೆ ದಾರಿ ಇದೆಯಾ?

ಶನಿವಾರದ_ಬಸ್ಸು · ರಾತ್ರಿ 8:58
ಹಳೇ ಫೋನ್ ಕೊಡಬೇಡಿ! ರೀಸೆಟ್ ಮಾಡಬೇಡಿ. ಈಗಲೇ ಚಾರ್ಜಿಗೆ ಹಾಕಿ. ಉಳಿದಿದ್ದು ಊಟ ಮಾಡ್ಕೊಂಡು ಬಂದು ಬರೀತೀನಿ.

ಮೂಡಿಗೆರೆ_ಮಳೆ · ರಾತ್ರಿ 9:04
ಪರದೆ ಒಡೆದ ಫೋನ್ ಇಟ್ಕೊಂಡು ಎಂತ ಮಾಡೋದು ಮಾರಾಯ್ರೆ?

ಹಾನುಬಾಳು_ತೋಟ · ರಾತ್ರಿ 9:06
ಚಿತ್ರ ಕಾಣುತ್ತೆ. ಮುಟ್ಟಿದ್ರೆ ಮಾತ್ರ ಏನೂ ಆಗಲ್ಲ.

ಶನಿವಾರದ_ಬಸ್ಸು · ರಾತ್ರಿ 9:41
ಕಾಣುತ್ತೆ ಅಂದ್ರೆ ಕೆಲಸ ಆಗುತ್ತೆ. ಮೊಬೈಲ್ ಅಂಗಡಿಯಲ್ಲಿ ಒಟಿಜಿ ಅಂತ ಕೇಳಿ, ಹೆಬ್ಬೆರಳಿನಷ್ಟು ಉದ್ದ ಇರುತ್ತೆ, ನೂರು ರೂಪಾಯಿ ಆಸುಪಾಸು. ಅದನ್ನ ಚಾರ್ಜರ್ ಚುಚ್ಚೋ ಕಡೆ ಹಾಕಿ, ಇನ್ನೊಂದು ತುದಿಗೆ ಕಂಪ್ಯೂಟರ್ ಮೌಸ್ ಚುಚ್ಚಿ. ಹೆಚ್ಚಿನ ಆಂಡ್ರಾಯ್ಡ್ ಫೋನಲ್ಲಿ ಪರದೆ ಮೇಲೆ ಬಾಣದ ಗುರುತು ಬರುತ್ತೆ. ಬೆರಳಿನ ಬದಲು ಮೌಸಲ್ಲೇ ಒತ್ತೋದು.

ಗೂಗಲ್ ಲೆಕ್ಕದಲ್ಲಿ ಆ ಫೋನೇ ನಿಮ್ಮಪ್ಪ. ಹತ್ತು ವರ್ಷದಿಂದ ಅದೇ ಖಾತೆ, ಅದೇ ಮನೆ. ಒಳಗಿದ್ದವರಿಗೆ ಬಾಗಿಲು ತೆಗೆಯೋದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಖಾತೆ ನಿರ್ವಹಣೆ, ಭದ್ರತೆ. ಅಲ್ಲಿ ರಿಕವರಿ ಫೋನ್ ಅಂತ ಇರುತ್ತೆ, 41 ತೆಗೆದು ನಿಮ್ಮದು ಹಾಕಿ. ಪಾಸ್‌ವರ್ಡ್ ಕೇಳುತ್ತೆ, ಅದು ನಿಮ್ಮ ಹತ್ರ ಇದೆ. ಪಕ್ಕದಲ್ಲೇ ರಿಕವರಿ ಇಮೇಲ್ ಇರುತ್ತೆ, ಅಲ್ಲೂ ಅಂಗಡಿಯವರದ್ದೇ ಇರಬಹುದು, ತಪ್ಪದೆ ನೋಡಿ. ಆಮೇಲೆ ಪಾಸ್‌ವರ್ಡ್ ಬದಲಿಸಿ. 'ನಿಮ್ಮ ಸಾಧನಗಳು' ತೆಗೆದು ಗುರುತಿಲ್ಲದ್ದನ್ನೆಲ್ಲ ಸೈನ್ ಔಟ್ ಮಾಡಿ.

ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ನಂಬರ್ ಬದಲಿಸಿದ ಮೇಲೂ 7 ದಿನ ಹಳೇ ನಂಬರಿಗೆ ಕೋಡ್ ಕಳಿಸೋ ಅವಕಾಶವನ್ನ ಗೂಗಲ್ ಇಟ್ಕೊಂಡಿರಬಹುದು. ಕಳ್ಳ ನುಗ್ಗಿ ನಂಬರ್ ಬದಲಿಸಿದ್ರೆ ಮಾಲೀಕನಿಗೆ ವಾಪಸ್ ಬರೋಕೆ ದಾರಿ ಇರಲಿ ಅಂತ ಮಾಡಿರೋದು. ನಿಮಗೆ ಅದು ಉಲ್ಟಾ ಆಗಿದೆ, ಹಾಗಾಗಿ ಒಂದು ವಾರ ದಿನಾ ಖಾತೆ ನೋಡ್ತಿರಿ.

ಕಂಪ್ಯೂಟರಲ್ಲಿ ಜಿಮೇಲ್ ತೆಗೆದು ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎರಡನ್ನೂ ನೋಡಿ. ಯಾರಾದ್ರೂ ಅಲ್ಲಿ ಬೇರೆ ವಿಳಾಸ ಹಾಕಿಟ್ಟಿದ್ರೆ ಪಾಸ್‌ವರ್ಡ್ ಬದಲಿಸಿದ್ರೂ ಮೇಲ್ ಅವರಿಗೆ ಹೋಗ್ತಾನೇ ಇರುತ್ತೆ.

ಪ್ರಿಂಟ್ಔಟ್_ಹಾಸನ · ರಾತ್ರಿ 9:55
ನಾನು ಹಾಸನದಲ್ಲಿ 14 ವರ್ಷದಿಂದ ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ ಇಟ್ಕೊಂಡಿದೀನಿ. ಓದಿ ಸ್ವಲ್ಪ ಬೇಜಾರಾಯ್ತು, ಅದಕ್ಕೆ ನಮ್ಮ ಕಡೆಯದ್ದೂ ಹೇಳ್ತೀನಿ. ನನ್ನ ನಂಬರೂ ಎಷ್ಟು ಜನದ ಜಿಮೇಲಲ್ಲಿ ಕೂತಿದೆಯೋ ನನಗೇ ಲೆಕ್ಕ ಇಲ್ಲ. ಅರ್ಜಿಗೆ ಇವತ್ತೇ ಕೊನೇ ದಿನ ಅಂತ ಆಲೂರು ಕಡೆಯಿಂದ ಬಸ್ ಹತ್ತಿ ಬಂದಿರ್ತಾರೆ. ಫೋನ್ ಮನೇಲಿ ಮಗನ ಹತ್ರ. ಹಿಂದೆ ಹತ್ತು ಹನ್ನೆರಡು ಜನ ನಿಂತಿದಾರೆ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. "ನಿಮ್ದೇ ಹಾಕ್ಕೊಳ್ಳಿ ಸಾರ್" ಅಂತಾರೆ. ಹಾಕಲ್ಲ ಅಂದ್ರೆ ಅವರ ಒಂದು ದಿನದ ಕೂಲಿ ಹೋಯ್ತು, ಅರ್ಜಿಯೂ ಹೋಯ್ತು. ಹಾಕಿದ್ರೆ ಹತ್ತು ವರ್ಷ ಆದ್ಮೇಲೆ ಹೀಗೆ.

ಕೊಪ್ಪದ_ಅಡಿಕೆ · ರಾತ್ರಿ 10:02
ನಂಬರ್ ವಿಷಯ ಒಪ್ತೀನಿ ಅಣ್ಣಾ. ಆದ್ರೆ ಜನ ನಿಮ್ಮ ವಾಟ್ಸಾಪಿಗೆ ಕಳಿಸೋ ಆಧಾರ್, ಪಾನ್ ಕಾರ್ಡು, ಪಾಸ್‌ಬುಕ್? ನಮ್ಮೂರಲ್ಲಿ ಒಂದು ಅಂಗಡೀಲಿ ನನ್ನ ಕಣ್ಣಾರೆ ನೋಡಿದೀನಿ. ನನ್ನದು ಹುಡುಕೋಕೆ ಅಂತ ಡೌನ್‌ಲೋಡ್ ಫೋಲ್ಡರ್ ತೆಗೆದ್ರು, ಇಡೀ ಹೋಬಳಿಯ ಆಧಾರ್ ಸಾಲಾಗಿ ನಿಂತಿತ್ತು. ನಮ್ಮ ಪಕ್ಕದ ಮನೆಯವರ ಮಗಳ ಜಾತಿ ಪ್ರಮಾಣಪತ್ರವೂ ಇತ್ತು. ಪೆನ್‌ಡ್ರೈವ್ ತಂದ ಯಾರು ಬೇಕಾದ್ರೂ ತುಂಬ್ಕೊಂಡು ಹೋಗಬಹುದು.

ಪ್ರಿಂಟ್ಔಟ್_ಹಾಸನ · ರಾತ್ರಿ 10:07
ನಾನು ದಿನಾ ರಾತ್ರಿ ಶಟರ್ ಎಳೆಯೋ ಮುಂಚೆ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡ್ತೀನಿ, ರೀಸೈಕಲ್ ಬಿನ್ ಸಮೇತ. ಎಲ್ಲರನ್ನೂ ಒಂದೇ ತಕ್ಕಡೀಲಿ ಹಾಕಬೇಡಿ.

ಶನಿವಾರದ_ಬಸ್ಸು · ರಾತ್ರಿ 10:12
ಅಣ್ಣಾ, ತಪ್ಪು ತಿಳೀಬೇಡಿ, ಒಂದು ಕೇಳ್ತೀನಿ. ಅಂಗಡಿಯ ವಾಟ್ಸಾಪ್ ಇರೋ ಫೋನಲ್ಲಿ ಬಂದ ಫೋಟೋ ತಾನಾಗೇ ಗ್ಯಾಲರಿಗೆ ಇಳಿಯುತ್ತಾ? ಆ ಫೋನಲ್ಲಿ ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಇದೆಯಾ? ವಾಟ್ಸಾಪ್ ಫೋಲ್ಡರನ್ನೂ ಬ್ಯಾಕಪ್‌ಗೆ ಸೇರಿಸಿದ್ರೆ ಕಂಪ್ಯೂಟರ್ ಖಾಲಿ ಮಾಡಿದ್ರೂ ಇನ್ನೊಂದು ಪ್ರತಿ ಅಲ್ಲಿ ಇರುತ್ತೆ. ಕಳಿಸಿದವರು 'ಎಲ್ಲರಿಗೂ ಅಳಿಸು' ಒತ್ತಿದ್ರೂ ಅಲ್ಲಿ ಉಳಿದಿರುತ್ತೆ.

ಮೂಡಿಗೆರೆ_ಮಳೆ · ರಾತ್ರಿ 10:20
ನೀವೆಲ್ಲ ಅಂಗಡಿಯವರನ್ನ ಹಿಡ್ಕೊಂಡು ಕೂತ್ರಿ. ನಮ್ಮ ಕಡೆ ಸಮಸ್ಯೆ ಶುರು ಆಗೋದೇ ನೆಟ್‌ವರ್ಕಿಂದ. ನಮ್ಮ ಮನೆಯೊಳಗೆ ಒಂದು ಕಡ್ಡಿ ಸಿಗ್ನಲ್ ಬರೋದಿಲ್ಲ. ಒಟಿಪಿ ಬೇಕು ಅಂದ್ರೆ ಗೇಟು ದಾಟಿ, ಕಾಫಿ ಕಣದ ಮೇಲಿನ ಏರು ಹತ್ತಿ, ಅಲ್ಲಿ ಹಲಸಿನ ಮರದ ಬುಡದಲ್ಲಿ ನಿಲ್ಲಬೇಕು. ಮಳೆಗಾಲದಲ್ಲಿ ಅಲ್ಲೂ ಬರೋದಿಲ್ಲ. ಒಟಿಪಿ ಬರೋ ಹೊತ್ತಿಗೆ ಅದರ ಗಡುವು ಮುಗಿದಿರ್ತದೆ. ಅದಕ್ಕೇ ನಮ್ಮತ್ತೆ ಮಾವನ ಎಲ್ಲ ಖಾತೆಗೂ ಪೇಟೇಲಿರೋ ಯಾರದ್ದೋ ನಂಬರ್ ಕೊಟ್ಟಿದ್ದು. ಎಂತ ಮಾಡೋದು ಹೇಳಿ? ಪಾಸ್‌ವರ್ಡ್ ಆದ್ಮೇಲೆ ಕೋಡೂ ಕೇಳೋ ಎರಡು ಹಂತದ ಭದ್ರತೆ ಹಾಕಿ ಅಂತ ಎಲ್ಲರೂ ಹೇಳ್ತಾರೆ. ಎರಡನೇ ಹಂತ ಮರದ ಬುಡದಲ್ಲಿದೆ ನಮಗೆ.

ಶನಿವಾರದ_ಬಸ್ಸು · ರಾತ್ರಿ 10:38
ಅಕ್ಕಾ, ನೀವು ಹೇಳಿದ್ದೇ ಈ ಇಡೀ ಚರ್ಚೆಯ ಬೇರು. ಒಟಿಪಿ ಮಾಡಿದವರು ಟವರ್ ಇರೋ ಊರಿನವರು. ಆದ್ರೆ ನಿಮಗೆ ಎಸ್ಎಂಎಸ್ ಬೇಡವೇ ಬೇಡ.

ಒಂದು, ಆಥೆಂಟಿಕೇಟರ್ ಆಪ್. ಗೂಗಲ್‌ದು, ಮೈಕ್ರೋಸಾಫ್ಟ್‌ದು ಎರಡೂ ಪುಕ್ಕಟೆ. ಶುರುವಿನಲ್ಲಿ ಒಂದು ಸಾರಿ ಕ್ಯೂಆರ್ ಸ್ಕ್ಯಾನ್ ಮಾಡಿಕೊಂಡ್ರೆ ಗುಟ್ಟಿನ ಕೀಲಿ ಫೋನೊಳಗೆ ಕೂತ್ಕೊಳ್ಳುತ್ತೆ. ಆ ಕೀಲಿ ಮತ್ತೆ ಗಡಿಯಾರದ ಹೊತ್ತು ಸೇರಿಸಿ 30 ಸೆಕೆಂಡಿಗೊಂದು 6 ಅಂಕಿಯ ಕೋಡನ್ನ ಫೋನೇ ಲೆಕ್ಕ ಹಾಕುತ್ತೆ. ಸಿಗ್ನಲ್ ಬೇಡ, ಸಿಮ್ಮೂ ಬೇಡ. ಫೋನಿನ ಗಡಿಯಾರ ಸರಿ ಇರಬೇಕು ಅಷ್ಟೆ.

ಎರಡು, ಬ್ಯಾಕಪ್ ಕೋಡ್. ಎರಡು ಹಂತದ ಭದ್ರತೆ ಆನ್ ಮಾಡಿದ ಮೇಲೆ ಗೂಗಲ್ 8 ಅಂಕಿಯ 10 ಕೋಡ್ ಕೊಡುತ್ತೆ. ಒಂದೊಂದೂ ಒಂದೇ ಸಾರಿಗೆ. ಹಾಳೆ ಮೇಲೆ ಬರೆದು ಬೀರುವಿನಲ್ಲಿ ಪಹಣಿ, ಪಟ್ಟೆ ಪುಸ್ತಕ ಇಡೋ ಕಡೆ ಇಡಿ. ಫೋನು ಹೊಳೆಗೆ ಬಿದ್ರೂ ಖಾತೆ ನಿಮ್ಮದೇ.

ಬ್ಯಾಂಕಿನ ಒಟಿಪಿಗೆ ಮಾತ್ರ ಇದು ನಡೆಯಲ್ಲ, ಅದು ಹೆಚ್ಚಾಗಿ ಎಸ್ಎಂಎಸ್‌ನಲ್ಲೇ ಬರೋದು. ಮೇಲ್ ಮೊದಲು ಭದ್ರ ಮಾಡ್ಕೊಳ್ಳಿ. ಬೇರೆ ಎಷ್ಟೋ ಕಡೆ ಪಾಸ್‌ವರ್ಡ್ ಮರೆತರೆ ಹೊಸದಕ್ಕೆ ಲಿಂಕ್ ಬರೋದು ಅದಕ್ಕೇ.

ಅರಸೀಕೆರೆ_ತೆಂಗು · ರಾತ್ರಿ 10:44
ಇಷ್ಟೆಲ್ಲ ಯಾಕೆ ಸ್ವಾಮಿ? ನಮ್ಮಂಥ ರೈತರ ಮೇಲ್ ಓದಿ ಯಾರಿಗೆ ಏನು ಸಿಗುತ್ತೆ? ನಮ್ಮತ್ರ ಮುಚ್ಚಿಡೋದು ಏನಿದೆ? ಪಹಣಿ ತೆಗೆದ್ರೆ ಭೂಮಿ ತಂತ್ರಾಂಶದಲ್ಲಿ ನನ್ನ ಹೆಸರು, ಎಷ್ಟು ಗುಂಟೆ, ಯಾವ ಬ್ಯಾಂಕಲ್ಲಿ ಸಾಲ, ಎಲ್ಲ ಊರೇ ನೋಡಬಹುದು.

ಗಿರಿ_ವಕೀಲೆ_ಚಿಕ್ಕಮಗಳೂರು · ರಾತ್ರಿ 10:57
ನೀವು ಹೇಳಿದ್ದರಲ್ಲೇ ಉತ್ತರ ಇದೆ. ಪಹಣಿಯಿಂದ ಹೆಸರು, ಸಾಲ ಇರೋ ಬ್ಯಾಂಕು ಗೊತ್ತಾಯ್ತು. ಎಲ್ಲಿಂದಲೋ ನಿಮ್ಮ ಮೊಬೈಲ್ ನಂಬರ್ ಸಿಕ್ತು. ನಾಳೆ ಬೆಳಿಗ್ಗೆ ಫೋನ್ ಬರುತ್ತೆ: "ನಿಮ್ಮ ಬೆಳೆಸಾಲದ ಬಡ್ಡಿ ಮನ್ನಾ ಆಗಿದೆ, ಸರ್ವೆ ನಂಬರ್ ಇಷ್ಟು ಅಲ್ವಾ?" ಸರ್ವೆ ನಂಬರ್ ಸರಿಯಾಗಿ ಹೇಳಿದವನನ್ನ ಯಾರು ಅನುಮಾನಿಸ್ತಾರೆ? ಒಂದೊಂದೇ ಚೂರು ನೋಡಿದ್ರೆ ಏನೂ ಅಲ್ಲ. ಸೇರಿಸಿದಾಗ ನಿಮ್ಮ ವೇಷ ಹಾಕೋಕೆ ಸಾಕು.

2023ರಲ್ಲಿ ನಮ್ಮ ರಾಜ್ಯದಲ್ಲೇ ಕ್ರಯಪತ್ರದಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಬಳಸಿ, ಆಧಾರ್ ಮೂಲಕ ಹಣ ತೆಗೆಯೋ ವ್ಯವಸ್ಥೆಯಿಂದ ಖಾತೆ ಖಾಲಿ ಮಾಡಿದ ದೂರುಗಳು ದಾಖಲಾದವು. ಅದರಲ್ಲಿ ಒಟಿಪಿ ಕೇಳೋದೇ ಇಲ್ಲ. ಜಮೀನು ಕೊಂಡು ಮಾರಿದವರು ಆಧಾರ್ ಪ್ರಾಧಿಕಾರದ ಆಪಲ್ಲಿ ಬಯೋಮೆಟ್ರಿಕ್ ಲಾಕ್, ಅಂದ್ರೆ ಬೆರಳಚ್ಚಿಗೆ ಬೀಗ, ಹಾಕಿಡಿ. ಬೇಕಾದಾಗ ತೆಗೆದು ಮತ್ತೆ ಹಾಕಬಹುದು.

ಇನ್ನು ಮುಚ್ಚಿಡೋದು ಏನಿದೆ ಅನ್ನೋ ಮಾತು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ರು. ಆ ಅರ್ಜಿ ಹಾಕಿದ್ದು ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು. ಕೇಸು ಹುಟ್ಟಿದ್ದು ಆಧಾರ್ ವಿಷಯದಲ್ಲೇ. ಹಕ್ಕು ಬಡವನಿಗೂ ಒಂದೇ.

ಅರಸೀಕೆರೆ_ತೆಂಗು · ರಾತ್ರಿ 11:03
ಸರ್ವೆ ನಂಬರ್ ಹೇಳಿ ಫೋನ್ ಬರುತ್ತೆ ಅನ್ನೋದು ತಲೆಗೆ ಹೋಗಿರಲಿಲ್ಲ ಮೇಡಂ. ಬಯೋಮೆಟ್ರಿಕ್ ಲಾಕ್ ನಾಳೆ ಮಾಡಿಸ್ತೀನಿ.

ಕೊಪ್ಪದ_ಅಡಿಕೆ · ರಾತ್ರಿ 11:05
ಮಾಡಿಸಬೇಡಿ, ಮಾಡಿ. ನಿಮ್ಮ ಫೋನಲ್ಲಿ ನೀವೇ. ಮತ್ತೆ ಅಂಗಡಿಗೆ ಹೋಗಬೇಡಿ ಅದಕ್ಕೆ.

ಆಲ್ದೂರು_ಹೋಂಸ್ಟೇ · ಬೆಳಿಗ್ಗೆ 6:20
ರಾತ್ರಿ ಅತಿಥಿಗಳಿದ್ರು, ಈಗ ಓದಿದೆ. ನಾವು ಬರೋರ ಗುರುತಿನ ಚೀಟಿ ತಗೊಳ್ಳಲೇಬೇಕು, ಪೊಲೀಸರು ಕೇಳಿದಾಗ ತೋರಿಸಬೇಕು. ಮೊದಲು ಎಲ್ಲ ನನ್ನ ವಾಟ್ಸಾಪಲ್ಲೇ ಇರ್ತಿತ್ತು. ಈಗ ಕೊನೆಯ ನಾಲ್ಕಂಕಿ ಮಾತ್ರ ಕಾಣೋ ಮಾಸ್ಕ್ ಮಾಡಿದ ಆಧಾರ್ ಕಳಿಸಿ ಅಂತೀನಿ. ಹೋಟೆಲಿನವರು ಆಧಾರ್ ಕಾಪಿ ಇಡೋ ಹಾಗೇ ಇಲ್ಲ ಅಂತ ಸರ್ಕಾರ 2022ರಲ್ಲಿ ಹೇಳಿದೆ ಅಂತ ಒಬ್ಬ ಅತಿಥಿ ಜಗಳ ಆಡಿದ್ರು. ಅದು ನಿಜವಾ?

ಇನ್ನೊಂದು ಅನುಭವ, ಹೋಂಸ್ಟೇಯವರೆಲ್ಲ ಓದಿ. ನಮ್ಮ ಅತ್ತಿಗೆಯೂ ಇಲ್ಲೇ ಹತ್ತಿರ ಹೋಂಸ್ಟೇ ನಡೆಸ್ತಾರೆ. ಸೇನೆಯಲ್ಲಿದೀನಿ, ಆರು ಜನ ಬರ್ತೀವಿ ಅಂತ ಒಬ್ಬ ಫೋನ್ ಮಾಡಿದ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಎಲ್ಲ ಕಳಿಸಿದ. ಮುಂಗಡ ಕಳಿಸ್ತೀನಿ, ನಮ್ಮ ಕಡೆ ಪದ್ಧತಿ ಬೇರೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ನಿಮ್ಮ ಖಾತೆಗೆ ಬೀಳುತ್ತೆ ಅಂದ. ಅತ್ತಿಗೆ ಒತ್ತಿದ್ರು. 18 ಸಾವಿರ ಹೋಯ್ತು. "ತಪ್ಪಾಯ್ತು, ವಾಪಸ್ ಕಳಿಸ್ತೀನಿ, ಇನ್ನೊಂದು ಸಾರಿ ಒತ್ತಿ" ಅಂದಾಗ ಅಣ್ಣ ಬಂದು ಫೋನ್ ಕಿತ್ಕೊಂಡ. ಅರ್ಧ ಗಂಟೆಯೊಳಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದಕ್ಕೆ ಮುಂದಿನ ಖಾತೆಯಲ್ಲಿ 11 ಸಾವಿರ ತಡೆ ಹಿಡಿದ್ರು. ಹಣ ಬರೋಕೆ ಯುಪಿಐ ಪಿನ್ ಬೇಡ. ಪಿನ್ ಕೇಳಿದ್ರೆ ಹೋಗ್ತಿದೆ ಅಂತಲೇ ಅರ್ಥ.

ಕಡೂರು_ಈರುಳ್ಳಿ · ಬೆಳಿಗ್ಗೆ 7:10
ಮೂರು ದಿನದೊಳಗೆ ಬ್ಯಾಂಕಿಗೆ ಹೇಳಿದ್ರೆ ಪೂರ್ತಿ ದುಡ್ಡು ಬ್ಯಾಂಕೇ ಕೊಡಬೇಕು, ರಿಸರ್ವ್ ಬ್ಯಾಂಕ್ ರೂಲ್ಸ್ ಇದೆ. ಉಳಿದ 7 ಸಾವಿರ ಯಾಕೆ ಬಿಟ್ರಿ?

ಗಿರಿ_ವಕೀಲೆ_ಚಿಕ್ಕಮಗಳೂರು · ಬೆಳಿಗ್ಗೆ 8:02
ಅರ್ಧ ಸರಿ. 2017ರ ಜುಲೈ 6ರ ಸುತ್ತೋಲೆ ಅದು. ತಪ್ಪು ಬ್ಯಾಂಕಿನದ್ದೂ ಅಲ್ಲ, ಗ್ರಾಹಕರದ್ದೂ ಅಲ್ಲ, ಮಧ್ಯೆ ಎಲ್ಲೋ ಸೋರಿದೆ ಅಂದಾಗ 3 ಕೆಲಸದ ದಿನದೊಳಗೆ ತಿಳಿಸಿದ್ರೆ ಗ್ರಾಹಕರಿಗೆ ನಷ್ಟ ಇಲ್ಲ. ತಾವೇ ಪಿನ್ ಒತ್ತಿದ್ರೆ, ಒಟಿಪಿ ಹೇಳಿದ್ರೆ, ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಗ್ರಾಹಕರದ್ದು, ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು. ಅದಕ್ಕೇ ನಾಚಿಕೆ ಪಟ್ಕೊಂಡು ಸಂಜೆವರೆಗೆ ಕೂರಬಾರದು. 1930ಕ್ಕೂ ಬ್ಯಾಂಕಿಗೂ ಎರಡೂ ಕಡೆ ಹೇಳಿ.

ಹೋಂಸ್ಟೇ ಮೇಡಂ, ಆ 2022ರ ಪ್ರಕಟಣೆ ಬಂದಿದ್ದು ಮೇ 27ಕ್ಕೆ, ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯಿಂದ. ಎರಡೇ ದಿನಕ್ಕೆ, 29ಕ್ಕೆ, ಕೇಂದ್ರ ಅದನ್ನ ಹಿಂಪಡೆಯಿತು. ಹಾಗಾಗಿ ಅದನ್ನ ಹಿಡಿದು ಜಗಳ ಆಡೋಕಾಗಲ್ಲ. ಮಾಸ್ಕ್ ಮಾಡಿದ ಪ್ರತಿ ಕೇಳೋ ನಿಮ್ಮ ಅಭ್ಯಾಸ ಚೆನ್ನಾಗಿದೆ, ಬಿಡಬೇಡಿ.

ಬೇಲೂರು_ನಿವೃತ್ತ_ಮೇಷ್ಟ್ರು · ಬೆಳಿಗ್ಗೆ 9:15
ಮೂಲ ಪ್ರಶ್ನೆಯಲ್ಲಿದ್ದ 14 ಸಾವಿರ ಮೇಲ್‌ಗಳ ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನದೂ ಅದೇ ಗೋಳು. ದಿನಕ್ಕೆ ಅರವತ್ತಕ್ಕೆ ಕಡಿಮೆ ಇಲ್ಲ. ಸಾಲ ಬೇಕೇ, ಲಾಟರಿ ಬಂದಿದೆ, ನಿಮ್ಮ ಪಾರ್ಸೆಲ್ ನಿಂತಿದೆ. ಪ್ರತಿಯೊಂದನ್ನೂ ತೆರೆದು ಕೆಳಗಿನ ಅನ್‌ಸಬ್‌ಸ್ಕ್ರೈಬ್ ಒತ್ತುತ್ತಾ ಬಂದೆ. ಎರಡು ತಿಂಗಳಲ್ಲಿ ಇನ್ನೂ ಹೆಚ್ಚಾಯಿತು. ಹೀಗೇಕೆ?

ಶನಿವಾರದ_ಬಸ್ಸು · ಬೆಳಿಗ್ಗೆ 9:50
ಮೇಷ್ಟ್ರೆ, ಎಲ್ಲಕ್ಕೂ ಒಂದೇ ಮದ್ದು ಆಗಲ್ಲ. ನೀವು ಯಾವತ್ತೋ ಸೀರೆ ತರಿಸಿದ ಅಂಗಡಿ, ರೈಲು ಟಿಕೆಟ್ ತೆಗೆದ ಜಾಲತಾಣ, ಇಂಥ ಗುರುತಿರೋರಿಗೆ ಅನ್‌ಸಬ್‌ಸ್ಕ್ರೈಬ್. ಲಾಟರಿಯವನಿಗೆ ಅದನ್ನ ಒತ್ತಿದ್ರೆ "ಈ ಮನೇಲಿ ಜನ ಇದಾರೆ" ಅಂತ ಬಾಗಿಲಲ್ಲಿ ನಿಂತು ಕೂಗಿದ ಹಾಗೆ. ಆ ವಿಳಾಸವನ್ನ ಇನ್ನೂ ಹತ್ತು ಜನಕ್ಕೆ ಮಾರ್ತಾರೆ. ಅಂಥದ್ದಕ್ಕೆ ತೆರೆಯದೇ ಗುರುತು ಹಾಕಿ 'ಸ್ಪ್ಯಾಮ್ ವರದಿ' ಒತ್ತಿ. ಗುರುತಿರೋರದ್ದಾದ್ರೂ ಮೇಲ್ ಒಳಗಿನ ಲಿಂಕ್ ಒತ್ತಬೇಡಿ, ಜಿಮೇಲ್ ತಾನೇ ಮೇಲ್ಗಡೆ ಕಳಿಸಿದವರ ಹೆಸರಿನ ಪಕ್ಕ ಅನ್‌ಸಬ್‌ಸ್ಕ್ರೈಬ್ ತೋರಿಸುತ್ತೆ, ಅದನ್ನ ಒತ್ತಿ. ರಾಶಿ ರಾಶಿ ಜಾಹೀರಾತು ಮೇಲ್ ಕಳಿಸೋರು ಒಂದೇ ಒತ್ತಿಗೆ ಹೊರಬರೋ ಸೌಲಭ್ಯ ಕೊಡಲೇಬೇಕು ಅಂತ ಗೂಗಲ್, ಯಾಹೂ 2024ರಿಂದ ನಿಯಮ ತಂದಿವೆ.

ಇನ್ನೊಂದು ಉಪಾಯ. ಜಿಮೇಲ್ ವಿಳಾಸದಲ್ಲಿ ನಿಮ್ಮ ಹೆಸರಾದ ಮೇಲೆ ಪ್ಲಸ್ ಗುರುತು ಹಾಕಿ ಏನು ಬರೆದ್ರೂ ಮೇಲ್ ನಿಮಗೇ ಬರುತ್ತೆ. ಬಟ್ಟೆ ಅಂಗಡಿಗೆ ಕೊಡುವಾಗ 'ಪ್ಲಸ್ ಬಟ್ಟೆ' ಅಂತ ಸೇರಿಸಿ. ನಾಳೆ ಆ ವಿಳಾಸಕ್ಕೆ ಸಾಲದ ಜಾಹೀರಾತು ಬಂದ್ರೆ ಮಾರಿದವರು ಯಾರು ಅಂತ ಗೊತ್ತಾಗುತ್ತೆ. ಕೆಲವು ಕಡೆ ಪ್ಲಸ್ ತಗೊಳ್ಳಲ್ಲ.

ಬ್ಯಾಂಕ್ ಹೆಸರಲ್ಲಿ ಬಂದದ್ದಕ್ಕೆ ಹೆಸರು ನೋಡಬೇಡಿ, ವಿಳಾಸದ ಕೊನೆ ನೋಡಿ. ಬ್ಯಾಂಕುಗಳ ಜಾಲತಾಣ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್'ಗೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ಕೊನೆ ಬ್ಯಾಂಕುಗಳಿಗೆ ಮಾತ್ರ ಸಿಗೋದು.

ಬೇಲೂರು_ನಿವೃತ್ತ_ಮೇಷ್ಟ್ರು · ಬೆಳಿಗ್ಗೆ 10:05
ಈ ಪಿಡುಗು ಶುರುವಾಗಿದ್ದು ಯಾವಾಗಿನಿಂದ?

ಶನಿವಾರದ_ಬಸ್ಸು · ಬೆಳಿಗ್ಗೆ 10:11
1978ರ ಮೇ 3. ಅಮೆರಿಕದ ಡಿಇಸಿ ಅನ್ನೋ ಕಂಪ್ಯೂಟರ್ ಕಂಪನಿಯ ಮಾರಾಟದ ಮನುಷ್ಯ ಗ್ಯಾರಿ ಥುರ್ಕ್, ಇಂಟರ್ನೆಟ್ಟಿಗೂ ಮುಂಚಿನ ಜಾಲ ಅರ್ಪಾನೆಟ್‌ನಲ್ಲಿದ್ದ ಸುಮಾರು 400 ಜನಕ್ಕೆ ಒಟ್ಟಿಗೆ ಜಾಹೀರಾತು ಕಳಿಸಿದ. ಜನ ಸಿಟ್ಟಾದ್ರು, ಆದ್ರೆ ಕಂಪ್ಯೂಟರುಗಳೂ ಮಾರಾಟ ಆದವು. ಅದೇ ತೊಂದರೆ ಆಗಿದ್ದು.

ಕಡೂರು_ಈರುಳ್ಳಿ · ಬೆಳಿಗ್ಗೆ 10:30
ಸಕಲೇಶಪುರದವರು ಇದೀರಲ್ಲ, ಈ ವಾರ ಕಾಳುಮೆಣಸು ಏನು ರೇಟು ನಡೀತಿದೆ?

ಕೊಪ್ಪದ_ಅಡಿಕೆ · ಬೆಳಿಗ್ಗೆ 10:33
ಅದಕ್ಕೆ ಬೇರೆ ಕಡೆ ಕೇಳಿ ಅಣ್ಣಾ, ಇಲ್ಲಿ ಕಲೆಸಬೇಡಿ.

ಹಾಸ್ಟೆಲ್_ಹುಡುಗಿ · ಬೆಳಿಗ್ಗೆ 11:40
ಅಜ್ಜಿ ಫೋನಲ್ಲಿ ಹತ್ತು ನಿಮಿಷಕ್ಕೊಂದು ಸಾರಿ "ನಿಮ್ಮ ಫೋನಿಗೆ 5 ವೈರಸ್" ಅಂತ ಬರುತ್ತೆ. ಅಜ್ಜಿ ಹೆದರಿ ಫೋನನ್ನ ಅಕ್ಕಿ ಡಬ್ಬದ ಮೇಲೆ ಬೋರಲು ಮಲಗಿಸಿಟ್ಟಿದಾರೆ. ಅಂಗಡಿಯವರು ಆಂಟಿವೈರಸ್ ಹಾಕಿಸಿ ಅಂತ 1,200 ಕೇಳಿದ್ರು. ಹಾಕಿಸ್ಬೇಕಾ?

ಶನಿವಾರದ_ಬಸ್ಸು · ಬೆಳಿಗ್ಗೆ 11:52
ದುಡ್ಡು ಕೊಡಬೇಡಮ್ಮ. ಬಹುಪಾಲು ಅದು ವೈರಸ್ಸೇ ಅಲ್ಲ. ಅಜ್ಜಿ ಯಾವುದೋ ಧಾರಾವಾಹಿ ಅಥವಾ ಭಜನೆ ಪುಟ ತೆಗೆದಾಗ 'ಅಲೋ' ಅಂತ ಕೇಳಿರುತ್ತೆ, ಒತ್ತಿರ್ತಾರೆ. ಕ್ರೋಮ್ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಅನುಮತಿ ಪಡೆದವರ ಪಟ್ಟಿ ಇರುತ್ತೆ, ಗುರುತಿಲ್ಲದ್ದನ್ನೆಲ್ಲ ಬ್ಲಾಕ್ ಮಾಡು. ಇನ್ಮುಂದೆ ಯಾರೂ ಕೇಳದೇ ಇರೋ ಹಾಗೆ ಮೇಲಿನ ಸ್ವಿಚ್ಚನ್ನೇ ಆಫ್ ಮಾಡಿಬಿಡು.

ಹಾಸ್ಟೆಲ್_ಹುಡುಗಿ · ಮಧ್ಯಾಹ್ನ 12:20
ಮನೆಗೆ ವಿಡಿಯೋ ಕಾಲ್ ಮಾಡಿ ಅಮ್ಮನ ಕೈಲಿ ಮಾಡಿಸ್ದೆ. ಒಂಬತ್ತು ಸೈಟ್ ಇತ್ತು. ನಿಂತೋಯ್ತು!! ಥ್ಯಾಂಕ್ಸ್ ಅಣ್ಣ.

ಅರಸೀಕೆರೆ_ತೆಂಗು · ಮಧ್ಯಾಹ್ನ 12:41
ಮನೆ ಕಂಪ್ಯೂಟರಿಗೆ? ವಿಂಡೋಸ್ 10 ಇದೆ.

ಪ್ರಿಂಟ್ಔಟ್_ಹಾಸನ · ಮಧ್ಯಾಹ್ನ 12:50
ವಿಂಡೋಸ್ ಒಳಗೇ ಬರೋ ಆಂಟಿವೈರಸ್ ಡಿಫೆಂಡರ್ ಸಾಕು. ಆದ್ರೆ ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. 11 ಹಾಕೋಕಾದ್ರೆ ಹಾಕಿ, ಹಾಕೋಕಾಗದ ಹಳೇ ಯಂತ್ರದಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ.

ಮೂಡಿಗೆರೆ_ಮಳೆ · ಮಧ್ಯಾಹ್ನ 2:15
ಮದುವೆ ಕಾಗದದ ಎಪಿಕೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ದೊಡ್ಡಪ್ಪನ ಮಗನ ನಂಬರಿಂದಲೇ ಬಂತು, 'ಮದುವೆ ಆಮಂತ್ರಣ' ಅಂತ. ಅವನಿಗೇ ಗೊತ್ತಿಲ್ಲ, ಅವನ ಫೋನು ತಾನಾಗೇ ಎಲ್ಲರಿಗೂ ಕಳಿಸಿತ್ತು. ಕಾಗದ ಅಂದ್ರೆ ಚಿತ್ರ ಇರಬೇಕು ಅಥವಾ ಪಿಡಿಎಫ್ ಇರಬೇಕು. ಕೊನೇಲಿ ಎಪಿಕೆ ಅಂತಿದ್ರೆ ಅದು ಆಪ್. ಹಾಕ್ಕೊಂಡ್ರೆ ಎಸ್ಎಂಎಸ್ ಓದೋ ಅನುಮತಿ ಕೇಳ್ತದೆ, ಕೊಟ್ರೆ ಒಟಿಪಿ ಎಲ್ಲ ಅವರಿಗೆ ಹೋಗ್ತದೆ. ಅವನು ಕೊಟ್ಟಿದ್ದ. ಫ್ಲೈಟ್ ಮೋಡ್ ಹಾಕಿ, ಆ ಆಪ್ ತೆಗೆದು, ಬೇರೆ ಫೋನಿಂದ ಬ್ಯಾಂಕಿಗೆ ಹೇಳಿ ಖಾತೆ ನಿಲ್ಲಿಸಿದ್ವಿ. ಕಿಸಾನ್ ಯೋಜನೆ ಹೆಸರಲ್ಲಿ, ಗಾಡಿ ದಂಡದ ಹೆಸರಲ್ಲೂ ಇಂಥದ್ದೇ ಬರ್ತದೆ.

ಪ್ರಿಂಟ್ಔಟ್_ಹಾಸನ · ರಾತ್ರಿ 9:30
@ಶನಿವಾರದ_ಬಸ್ಸು ನೀವು ಕೇಳಿದ್ದು ಇಡೀ ದಿನ ತಲೇಲಿತ್ತು. ಅಂಗಡಿ ಬಾಗಿಲು ಹಾಕಿ ಗೂಗಲ್ ಫೋಟೋಸ್ ತೆಗೆದು 'ಆಧಾರ್' ಅಂತ ಹುಡುಕಿದೆ. ಬೆರಳು ನೋಯೋವರೆಗೂ ಮೇಲೆ ಎಳೆದೆ, ಮುಗೀಲಿಲ್ಲ. 2019ರವೂ ಇವೆ. ನನ್ನ ಮಗಳ ಹುಟ್ಟುಹಬ್ಬದ ಫೋಟೋ ಮಧ್ಯೆ ಗುರುತಿಲ್ಲದವರ ಪಾಸ್‌ಬುಕ್ಕು. ಇಷ್ಟು ವರ್ಷ ಪ್ರಾಮಾಣಿಕವಾಗಿ ರಾತ್ರಿ ರಾತ್ರಿ ಫೋಲ್ಡರ್ ಖಾಲಿ ಮಾಡ್ತಿದ್ದೆ, ಇದು ನಿಜವಾಗ್ಲೂ ಗೊತ್ತಿರಲಿಲ್ಲ. ಬ್ಯಾಕಪ್ ನಿಲ್ಲಿಸಿದೀನಿ. ಇನ್ನೂ ಅಳಿಸ್ತಾ ಇದೀನಿ. ನಾಳೆಯಿಂದ ಜಿಮೇಲ್ ಮಾಡೋಕೆ ಬಂದವರಿಗೆ ನಂಬರ್ ಅವರದ್ದೇ, ಪಾಸ್‌ವರ್ಡ್ ಅವರ ಕೈಲೇ ಟೈಪ್ ಮಾಡಿಸ್ತೀನಿ. ಕ್ಯೂ ನಿಲ್ಲಲಿ ಪರವಾಗಿಲ್ಲ.

ಕೊಪ್ಪದ_ಅಡಿಕೆ · ರಾತ್ರಿ 9:36
ಅಣ್ಣಾ, ನಿನ್ನೆ ಜೋರಾಗಿ ಮಾತಾಡಿಬಿಟ್ಟೆ. ಟ್ರ್ಯಾಶಲ್ಲೂ ಅಳಿಸಿ, ಇಲ್ಲಾಂದ್ರೆ ಇನ್ನೂ ಕೆಲವು ವಾರ ಅಲ್ಲೇ ಇರುತ್ತೆ.

ಹಾನುಬಾಳು_ತೋಟ · ಮೂರನೇ ದಿನ, ರಾತ್ರಿ 8:15
ಮೌಸ್ ಉಪಾಯ ಕೆಲಸ ಮಾಡ್ತು! ಒಡೆದ ಗಾಜಿನ ಕೆಳಗೆ ಬಾಣ ಓಡಾಡೋದು ನೋಡಿ ಅಪ್ಪ ಕುರ್ಚಿ ಎಳ್ಕೊಂಡು ಪಕ್ಕದಲ್ಲೇ ಕೂತ್ರು. ರಿಕವರಿ ನಂಬರ್ ಬದಲಿಸಿದ್ವಿ. ರಿಕವರಿ ಇಮೇಲಲ್ಲೂ ಆ ಅಂಗಡಿ ಹೆಸರೇ ಇತ್ತು. ಸಾಧನಗಳ ಪಟ್ಟಿಯಲ್ಲಿ ಎರಡು ಫೋನು, ಅದರ ಕೆಳಗೆ ಒಂದು ವಿಂಡೋಸ್ ಕಂಪ್ಯೂಟರ್. ನಮ್ಮ ಮನೇಲಿ ಕಂಪ್ಯೂಟರೇ ಇಲ್ಲ. ಸೈನ್ ಔಟ್ ಮಾಡಿದ್ವಿ. ಯಾರು ಏನು ಓದಿದ್ರೋ ಗೊತ್ತಿಲ್ಲ. ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ.

41 ನಂಬರ್ ಯಾರದ್ದು ಅಂತ ಹುಡುಕೋದಾ ಬಿಡೋದಾ?

ಗಿರಿ_ವಕೀಲೆ_ಚಿಕ್ಕಮಗಳೂರು · ರಾತ್ರಿ 8:40
ಬಿಡಿ. ನಿಂತುಹೋದ ನಂಬರನ್ನ 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡ್ತಾರೆ. ಈಗ ಅದು ಏನೂ ಅರಿಯದ ಯಾರ ಕೈಲೋ ಇರಬಹುದು. ಹಣ ಹೋಗಿದ್ರೆ ಅಥವಾ ಆ ಜಿಮೇಲ್‌ನಿಂದ ಯಾರಿಗಾದ್ರೂ ಏನಾದ್ರೂ ಹೋಗಿದ್ರೆ ಮಾತ್ರ ಸೈಬರ್ ಠಾಣೆಗೆ ದೂರು ಕೊಡಿ. 'ಕಳುಹಿಸಿದವು' ಫೋಲ್ಡರ್ ನೋಡಿ.

ಶನಿವಾರದ_ಬಸ್ಸು · ರಾತ್ರಿ 9:02
ಜಾಗ ತುಂಬಿದ್ದು ಮೇಲ್‌ಗಳಿಂದ ಅಲ್ಲದೇ ಇರಬಹುದು. 15 ಜಿಬಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಆಂಡ್ರಾಯ್ಡಲ್ಲಿ ವಾಟ್ಸಾಪ್ ಬ್ಯಾಕಪ್ಪೂ ಈಗ ಅದರಲ್ಲೇ ಲೆಕ್ಕ. ಬ್ಯಾಕಪ್‌ಗೆ ವಿಡಿಯೋ ಸೇರಿಸೋದನ್ನ ಆಫ್ ಮಾಡಿ ನೋಡಿ.

ಹಾನುಬಾಳು_ತೋಟ · ಹತ್ತನೇ ದಿನ, ಸಂಜೆ 6:30
ನೀವು ಹೇಳಿದ್ದು ಸರಿ, 9 ಜಿಬಿ ವಾಟ್ಸಾಪ್ ಬ್ಯಾಕಪ್, ಅದರಲ್ಲಿ ಬರೀ ಶುಭೋದಯದ ವಿಡಿಯೋ. ತೆಗೆದ ಮೇಲೆ ಜಾಗ ಆಯ್ತು, ವಿಮೆಯವರ ಮೇಲ್ ನಿನ್ನೆ ಬಂತು. 'ಕಳುಹಿಸಿದವು' ಫೋಲ್ಡರಲ್ಲಿ ಅನುಮಾನದ್ದು ಏನೂ ಇಲ್ಲ. ಏಳು ದಿನವೂ ಕಳೀತು, ಏನೂ ಆಗಲಿಲ್ಲ. ಆಥೆಂಟಿಕೇಟರ್ ಹಾಕಿದೀವಿ. ಮನೆಯೊಳಗೆ ಸಿಗ್ನಲ್ ಇಲ್ಲದೇನೇ ಕೋಡ್ ಬರುತ್ತೆ ಮೂಡಿಗೆರೆ ಅಕ್ಕಾ, ಖಂಡಿತ ಹಾಕ್ಕೊಳ್ಳಿ.

ಹತ್ತು ಕೋಡನ್ನ ತಂಗಿ ನೋಟ್ ಪುಸ್ತಕದ ಹಾಳೆಯಲ್ಲಿ ಬರೆದ್ಲು. ಅಪ್ಪ ನೋಡಿ, ಇದು ಹರಿದು ಹೋದ್ರೆ ಕಷ್ಟ, ಸಕಲೇಶಪುರಕ್ಕೆ ಹೋದಾಗ ಒಂದು ಜೆರಾಕ್ಸ್ ಮಾಡಿಸಿಡು ಅಂದ್ರು. ಬೇಡ ಅಂತ ನಾನೇ ಕೂತು ಇನ್ನೊಂದು ಹಾಳೆಗೆ ಬರೆದೆ. ಒಂದು ಬೀರುವಲ್ಲಿದೆ, ಒಂದು ಚಿಕ್ಕಮ್ಮನ ಮನೇಲಿ.

ಮೂಡಿಗೆರೆ_ಮಳೆ · ಸಂಜೆ 6:48
ಮಾವನಿಗೆ ಇವತ್ತೇ ಹಾಕ್ತೀನಿ. ಎರಡು ಹಾಳೇಲೂ ಅಂಕಿ ಒಂದೇ ಇದೆಯಾ ಅಂತ ಒಬ್ರು ಓದಿ, ಒಬ್ರು ನೋಡಿ.

ಹಾನುಬಾಳು_ತೋಟ · ಸಂಜೆ 7:05
ಓದಿಸ್ದೆ. ಆರನೇದ್ರಲ್ಲಿ 1 ಇರೋ ಕಡೆ 7 ಬರೆದಿದ್ದೆ. ತಿದ್ದಿದೆ.